ವೀಳ್ಯ ಕೊಟ್ಟು ಕರೆಯಿರಿ: ಪ್ರಾಥಮಿಕ ಶಾಲೆಗೆ ಕಲಾವಿದರನ್ನು ಕರೆಸುವ ಸಮಗ್ರ ಮಾರ್ಗದರ್ಶಿ

ಮೊದಲ ಸಲ ನಮ್ಮ ಶಾಲೆಗೆ ಡೊಳ್ಳಿನ ತಂಡ ಕರೆಸಿದಾಗ ಎಲ್ಲವನ್ನೂ ಜೋರಾಗಿಯೇ ಮಾಡಿದ್ದೆವು. ಶಾಮಿಯಾನ ಇತ್ತು, ಮೈಕ್ ಇತ್ತು, ಹಾರ ತುರಾಯಿ ಇತ್ತು. ವೇದಿಕೆ ಮೇಲೆ ಒಂಬತ್ತು ಜನ ಗಣ್ಯರು ಕೂತಿದ್ದರು. ಒಬ್ಬೊಬ್ಬರೂ "ಎರಡೇ ಮಾತು" ಅಂತ ಶುರು ಮಾಡಿದರು. ಡೊಳ್ಳಿನವರ ಸರದಿ ಬಂದಾಗ ಗಂಟೆ ಹನ್ನೆರಡೂವರೆ. ಒಂದನೇ ತರಗತಿಯ ಮಕ್ಕಳು ಬಿಸಿಲ ಝಳಕ್ಕೆ ಒಬ್ಬರ ಹೆಗಲ ಮೇಲೆ ಒಬ್ಬರು ಒರಗಿ ತೂಕಡಿಸುತ್ತಿದ್ದರು. ಬೆಳಿಗ್ಗೆ ಆರಕ್ಕೇ ಊರು ಬಿಟ್ಟು ಬಂದಿದ್ದ ಆ ಕಲಾವಿದರು ಇಪ್ಪತ್ತು ನಿಮಿಷ ಬಾರಿಸಿ, ಶಾಲು ಹೊದಿಸಿಕೊಂಡು, ಊಟ ಮಾಡಿ ಹೊರಟರು.

ಅವರು ಡೊಳ್ಳುಗಳನ್ನು ಗೂಡ್ಸ್ ಆಟೊಗೆ ಏರಿಸುವಾಗ ನಾಲ್ಕನೇ ತರಗತಿಯ ಹುಡುಗನೊಬ್ಬ ಹತ್ತಿರ ಹೋಗಿ ಸುಮ್ನೆ ನಿಂತಿದ್ದ. ತಂಡದ ಹಿರಿಯರು ಏನೂ ಕೇಳದೆ ಕೋಲನ್ನು ಅವನ ಕೈಗೆ ಕೊಟ್ಟರು. ಅವನು ಆಟೊದಲ್ಲಿದ್ದ ಡೊಳ್ಳಿಗೇ ಎರಡು ಏಟು ಹಾಕಿದ, ದನಿ ಎದೆಗೆ ಬಡಿದಿದ್ದಕ್ಕೆ ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದ, ಆಮೇಲೆ ನಕ್ಕ. ಉಳಿದ ಮಕ್ಕಳಿಗೆ ಆ ಎರಡು ಏಟು ಸಿಗಲಿಲ್ಲವಲ್ಲ ಅನ್ನೋ ಬೇಜಾರು ನನಗೆ ಇವತ್ತಿಗೂ ಇದೆ.

ಅಲ್ಲಿಂದಾಚೆ ನಾವು ಬೇರೆ ಥರ ಮಾಡುತ್ತಿದ್ದೇವೆ. ಅದನ್ನೇ ಇಲ್ಲಿ ಬರೆದಿದ್ದೇನೆ. ಸರ್ಕಾರಿ ಪ್ರಾಥಮಿಕ ಶಾಲೆಯ ಮೇಷ್ಟ್ರು, ಟೀಚರುಗಳು, ಎಸ್‌ಡಿಎಂಸಿ ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು, ಊರಿನ ಶಾಲೆಗೆ ಏನಾದರೂ ಮಾಡಬೇಕು ಅಂದುಕೊಂಡಿರುವ ಹಳೇ ವಿದ್ಯಾರ್ಥಿಗಳು ಇವರನ್ನೆಲ್ಲ ಮನಸ್ಸಲ್ಲಿ ಇಟ್ಟುಕೊಂಡು ಬರೆದದ್ದು. ಖಾಸಗಿ ಶಾಲೆಯವರಿಗೂ ಹೆಚ್ಚುಕಡಿಮೆ ಇದೇ ಲೆಕ್ಕ.

ಮೊದಲು ಒಂದು ತೀರ್ಮಾನ

ಬರುವ ಕಲಾವಿದರು ಆ ದಿನದ ಮೇಷ್ಟ್ರು. ಇದನ್ನು ಎಲ್ಲರೂ ಒಪ್ಪಿಕೊಂಡುಬಿಟ್ಟರೆ ಅರ್ಧ ಕೆಲಸ ಮುಗಿದಂತೆ. ಮೇಷ್ಟ್ರು ಪಾಠ ಮಾಡುವಾಗ ಪಕ್ಕದಲ್ಲಿ ಗಣ್ಯರು ಕೂರುವುದಿಲ್ಲ, ಮಕ್ಕಳು ಐವತ್ತು ಅಡಿ ದೂರ ಕೂರುವುದಿಲ್ಲ, ಪ್ರಶ್ನೆ ಕೇಳಿದರೆ ಯಾರೂ ಶ್ ಅನ್ನುವುದಿಲ್ಲ. ಹಾಗಾಗಿ ವೇದಿಕೆ ಬೇಡ, ಉದ್ಘಾಟನೆ ಬೇಡ, ಜಮಖಾನ ಸಾಕು.

ಎಸ್‌ಡಿಎಂಸಿ ಸಭೆಯಲ್ಲಿ ಒಬ್ಬರಾದರೂ ಕೇಳುತ್ತಾರೆ: "ಪಂಚಾಯ್ತಿ ಅಧ್ಯಕ್ಷರನ್ನ ಕರೀದೇ ಇದ್ರೆ ಹೆಂಗೆ ಮೇಷ್ಟ್ರೇ?" ಕರೆಯಿರಿ. ಆದರೆ ದಿನದ ಕೊನೆಯ ಅರ್ಧ ಗಂಟೆಗೆ ಕರೆಯಿರಿ. ಮಕ್ಕಳು ಅವತ್ತು ಕಲಿತದ್ದನ್ನು ತೋರಿಸುವ ಹೊತ್ತದು. ಅಧ್ಯಕ್ಷರು, ಸದಸ್ಯರು, ಅಪ್ಪ ಅಮ್ಮಂದಿರು ಎಲ್ಲರೂ ಮಕ್ಕಳ ಜೊತೆ ಜಮಖಾನದ ಮೇಲೆ ಕೂತು ನೋಡಲಿ. ನಾವು ಹೀಗೆ ಕೇಳಿಕೊಂಡಾಗ ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಖುಷಿಯಾಗಿಯೇ ಬಂದರು.

ಹಂತ 1: ಕಲಾವಿದರನ್ನು ಹುಡುಕುವುದು

ದೂರ ಹೋಗುವ ಮೊದಲು ನಿಮ್ಮ ಮಕ್ಕಳನ್ನೇ ಕೇಳಿ. "ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಯಾರು ಹಾಡುತ್ತಾರೆ, ಬಾರಿಸುತ್ತಾರೆ, ವೇಷ ಹಾಕುತ್ತಾರೆ? ಕೇಳಿಕೊಂಡು ಬಂದು ಬರೆಯಿರಿ" ಅಂತ ಒಂದು ಮನೆಗೆಲಸ ಕೊಡಿ. ನಮ್ಮಲ್ಲಿ ಹೀಗೆ ಕೇಳಿದಾಗ ಸೋಬಾನೆ ಹಾಡುವ ಇಬ್ಬರು ಅಜ್ಜಿಯರು, ಭಜನೆಯಲ್ಲಿ ಹಾರ್ಮೋನಿಯಂ ನುಡಿಸುವವರು, ಹಬ್ಬಕ್ಕೆ ತಮಟೆ ಬಾರಿಸುವವರು, ಪೌರಾಣಿಕ ನಾಟಕದಲ್ಲಿ ಮೂವತ್ತು ವರ್ಷ ಭೀಮನ ಪಾತ್ರ ಮಾಡಿದ ಒಬ್ಬ ರೈತರು ಸಿಕ್ಕರು. ಬಿಸಿಯೂಟದ ಅಡುಗೆಯವರ ತಾಯಿಯೇ ಆ ಸೋಬಾನೆ ಅಜ್ಜಿಯರಲ್ಲಿ ಒಬ್ಬರು ಅಂತ ಅಲ್ಲಿಯವರೆಗೆ ನಮಗೆ ಗೊತ್ತೇ ಇರಲಿಲ್ಲ. ಹೊಸದಾಗಿ ಶುರು ಮಾಡುವವರು ಇಂಥ ಒಬ್ಬರಿಂದಲೇ ಶುರು ಮಾಡಿ. ಗಾಡಿ ಖರ್ಚಿಲ್ಲ, ಮಕ್ಕಳಿಗೆ ಗುರುತಿನ ಮುಖ, ನಿಮಗೂ ಅಭ್ಯಾಸ ಆಗುತ್ತದೆ.

ಆಮೇಲೆ ಜಿಲ್ಲೆಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಚೇರಿಗೆ ಹೋಗಿ. ಅಲ್ಲಿ ತಂಡಗಳ ಪಟ್ಟಿ, ಮಾಸಾಶನ ಪಡೆಯುವ ಹಿರಿಯ ಕಲಾವಿದರ ಪಟ್ಟಿ ಇರುತ್ತದೆ. ಜಾನಪದ ಅಕಾಡೆಮಿ, ಯಕ್ಷಗಾನ ಅಕಾಡೆಮಿ, ಬಯಲಾಟ ಅಕಾಡೆಮಿಗಳು ಪ್ರತಿ ಸಲ ಪ್ರಶಸ್ತಿ ಪ್ರಕಟಿಸುವಾಗ ಪೇಪರಿನಲ್ಲಿ ಊರಿನ ಹೆಸರಿನ ಸಮೇತ ಬರುತ್ತದಲ್ಲ, ಅದನ್ನು ಕತ್ತರಿಸಿ ಇಟ್ಟುಕೊಳ್ಳಿ. ನಿಮ್ಮ ತಾಲ್ಲೂಕಿನವರು ಒಬ್ಬರಾದರೂ ಇರಬಹುದು. ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ ವಿಚಾರಿಸಿದರೂ ದಾರಿ ಸಿಗುತ್ತದೆ. ನಾಟಕದವರು ಬೇಕಾದರೆ ಮೈಸೂರು, ಶಿವಮೊಗ್ಗ, ಧಾರವಾಡ, ಕಲಬುರಗಿಯ ರಂಗಾಯಣಗಳಿವೆ, ಮಲೆನಾಡಿನವರಿಗೆ ಹೆಗ್ಗೋಡಿನ ನೀನಾಸಂ ಇದೆ. ಅಲ್ಲಿ ಕಲಿತು ಊರಿಗೆ ಮರಳಿದವರು ಎಷ್ಟೋ ಕಡೆ ಮಕ್ಕಳ ಜೊತೆ ಕೆಲಸ ಮಾಡುತ್ತಿದ್ದಾರೆ. ಶಾಸ್ತ್ರೀಯ ಸಂಗೀತ, ನೃತ್ಯ ಬೇಕು ಅಂದರೆ 1977ರಲ್ಲಿ ಕಿರಣ್ ಸೇಠ್ ಶುರು ಮಾಡಿದ ಸ್ಪಿಕ್ ಮೆಕೆ ಇದೆ. ಶಾಲೆ ಕಾಲೇಜುಗಳಿಗೆ ದೊಡ್ಡ ಕಲಾವಿದರನ್ನು ಕರೆದುಕೊಂಡು ಹೋಗುವುದೇ ಅವರ ಕೆಲಸ.

ಕರೆಯುವ ಮೊದಲು ಒಂದು ಸಲ ಅವರ ಕಾರ್ಯಕ್ರಮ ನೋಡಿ. ಜಾತ್ರೆಯಲ್ಲೋ ಮದುವೆಯಲ್ಲೋ ಎಲ್ಲಾದರೂ ಆದೀತು. ಎಷ್ಟು ಚೆನ್ನಾಗಿ ಬಾರಿಸುತ್ತಾರೆ ಅನ್ನುವುದಕ್ಕಿಂತ, ಬಿಡುವಿನಲ್ಲಿ ಮಕ್ಕಳು ಹತ್ತಿರ ಬಂದಾಗ ಏನು ಮಾಡುತ್ತಾರೆ ನೋಡಿ. ಗದರಿಸಿ ಓಡಿಸುವವರೂ ಇರುತ್ತಾರೆ, ಗೆಜ್ಜೆ ಬಿಚ್ಚಿ ಕೈಗೆ ಕೊಡುವವರೂ ಇರುತ್ತಾರೆ. ನಿಮಗೆ ಬೇಕಾದವರು ಎರಡನೆಯವರು.

ಹಂತ 2: ಯಾವ ಕಲೆ, ಯಾವ ವಯಸ್ಸಿಗೆ

ಒಂದರಿಂದ ಮೂರನೇ ತರಗತಿ, ಅಂದರೆ ನಲಿಕಲಿ ಮಕ್ಕಳಿಗೆ ಗೊಂಬೆಯಾಟ, ಹಾಡು, ಕಥೆ ಹಿಡಿಸುತ್ತದೆ. ಇಪ್ಪತ್ತು, ಇಪ್ಪತ್ತೈದು ನಿಮಿಷಕ್ಕಿಂತ ಜಾಸ್ತಿ ಬೇಡ. ಡೊಳ್ಳು, ತಮಟೆ ಅವರಿಗೂ ಇಷ್ಟವೇ, ಆದರೆ ಕೋಣೆಯೊಳಗೆ ಬೇಡವೇ ಬೇಡ. ಬಯಲಲ್ಲಿ, ಇಪ್ಪತ್ತು ಅಡಿಯಾದರೂ ದೂರ ಕೂರಿಸಿ. ಕಿವಿ ಮುಚ್ಚಿಕೊಂಡು ಅಳುವ ಮಗು ಇದ್ದೇ ಇರುತ್ತದೆ. ಅದನ್ನು ಎತ್ತಿಕೊಂಡು ಮರದ ಕೆಳಗೆ ಹೋಗಲು ಒಬ್ಬ ಟೀಚರನ್ನು ಮೊದಲೇ ಗೊತ್ತು ಮಾಡಿ. ಅಳುವ ಮಗುವನ್ನು ನೋಡಿ ಯಾರೂ ನಗಬಾರದು, ಬಲವಂತ ಮಾಡಿ ಹತ್ತಿರ ಎಳೆದು ತರಬಾರದು.

ನಾಲ್ಕರಿಂದ ಏಳನೆಯವರಿಗೆ ಕೈಗೆ ಕೆಲಸ ಬೇಕು. ಕಂಸಾಳೆ ಈ ವಯಸ್ಸಿಗೆ ತುಂಬಾ ಒಗ್ಗುತ್ತದೆ. ಎಡಗೈಯಲ್ಲಿ ಬಟ್ಟಲಿನಂಥ ತಾಳ, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಲಯ ಬೇಗ ಕೈಗೆ ಹತ್ತುತ್ತದೆ. ಆದರೆ ಮಕ್ಕಳ ಮಧ್ಯೆ ಎರಡು ಮಾರು ಜಾಗ ಇರಲಿ. ಕಲಾವಿದರು ಆ ಚಪ್ಪಟೆ ತಾಳವನ್ನು ದಾರದಲ್ಲಿ ಬೀಸಿ ಬಾರಿಸುವುದನ್ನು ನೋಡಿದ ಕೂಡಲೇ ಹುಡುಗರೂ ಬೀಸುತ್ತಾರೆ, ಪಕ್ಕದವನ ಹಣೆಗೆ ಬಡಿಯುತ್ತದೆ.

ವೀರಗಾಸೆಯವರನ್ನು ಕರೆದರೆ ಶಸ್ತ್ರ ಚುಚ್ಚಿಕೊಳ್ಳುವ ಪವಾಡ ಮಕ್ಕಳ ಮುಂದೆ ಬೇಡ ಅಂತ ಮೊದಲೇ ಹೇಳಿ. ಬೆಂಕಿ ಉಗುಳುವ ಆಟ ಇದ್ದರೆ ಅದೂ ಬೇಡ. ತೊಗಲುಗೊಂಬೆ ಆಟದಲ್ಲಿ ಕಿಳ್ಳೇಕ್ಯಾತ, ಬಂಗಾರಕ್ಕ ಅನ್ನೋ ಹಾಸ್ಯದ ಗೊಂಬೆಗಳ ಜೋಡಿ ದೊಡ್ಡವರನ್ನು ನಗಿಸಲು ಸ್ವಲ್ಪ ಪೋಲಿ ಮಾತಾಡುವುದು ರೂಢಿ. "ಸಣ್ಣ ಮಕ್ಕಳು ಇರ್ತಾರೆ ಯಜಮಾನ್ರೇ" ಅಂದರೆ ಸಾಕು, ಅವರೇ ಮಾತು ಬದಲಾಯಿಸಿಕೊಳ್ಳುತ್ತಾರೆ. ಎದುರಿಗಿದ್ದವರನ್ನು ನೋಡಿ ಮಾತು ಕಟ್ಟುವುದು ಅವರಿಗೆ ಹೊಸದೇನಲ್ಲ.

ಜನಪದ ಹಾಡುಗಳಲ್ಲಿ ದೇವರು ಬಂದೇ ಬರುತ್ತಾನೆ. ಮಾದಪ್ಪನ ಕಥೆ, ಮಂಟೇಸ್ವಾಮಿ ಕಥೆ ಎಲ್ಲ ಹಾಗೇ. ಬೇರೆ ಬೇರೆ ಧರ್ಮದ ಮಕ್ಕಳಿರುವ ಶಾಲೆಯಲ್ಲಿ ಮನೆಯವರಿಗೆ ಮುಂಚೆಯೇ ಹೇಳಿಬಿಡಿ: ಮಕ್ಕಳು ಕಥೆ ಕೇಳುತ್ತಾರೆ, ಹಾಡು ಕಲಿಯುತ್ತಾರೆ, ಪೂಜೆ ಇರುವುದಿಲ್ಲ. ಇನ್ನೊಂದು ವರ್ಷ ಮೊಹರಂನ ಹೆಜ್ಜೆ ಮೇಳದವರನ್ನೋ ರಿವಾಯತ್ (ಮೊಹರಂ ಪದ) ಹಾಡುವವರನ್ನೋ ಕರೆಯಿರಿ. ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಅದನ್ನು ಎಲ್ಲ ಜಾತಿ ಧರ್ಮದವರೂ ಸೇರಿ ಹಾಡುತ್ತಾರೆ.

ಹಂತ 3: ತಿಂಗಳು ನೋಡಿ ಕರೆಯಿರಿ

ಇಲ್ಲಿ ಬಹಳ ಶಾಲೆಗಳು ಎಡವುತ್ತವೆ. ನವೆಂಬರ್ ರಾಜ್ಯೋತ್ಸವ, ದಸರಾ, ಆಗಸ್ಟ್ 15 ಅಂತ ಎಲ್ಲರೂ ಒಂದೇ ಹೊತ್ತಿಗೆ ಕರೆದರೆ ಒಳ್ಳೆಯ ತಂಡ ಸಿಗುವುದಿಲ್ಲ. ಸಿಕ್ಕರೂ ಒಂದು ಗಂಟೆಗೆ ಬಂದು ಇನ್ನೊಂದು ಕಡೆ ಓಡುತ್ತಾರೆ.

ಕರಾವಳಿಯಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ಸುಮಾರು ನವೆಂಬರ್‌ನಿಂದ ಮೇ ತಿಂಗಳವರೆಗೆ. ರಾತ್ರಿ ಆಟ, ಹಗಲು ನಿದ್ದೆ. ಆ ದಿನಗಳಲ್ಲಿ ಅವರನ್ನು ಬೆಳಿಗ್ಗೆ ಹತ್ತಕ್ಕೆ ಶಾಲೆಗೆ ಬನ್ನಿ ಅನ್ನುವುದು ನ್ಯಾಯವಲ್ಲ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಮಳೆಗಾಲದಲ್ಲಿ ಅವರಿಗೆ ಬಿಡುವು, ಆದಾಯವೂ ಕಡಿಮೆ, ಶಾಲೆಗೂ ಅದೇ ಸರಿಯಾದ ಸಮಯ. ಬಯಲುಸೀಮೆಯಲ್ಲಿ ಕಲಾವಿದರಲ್ಲಿ ಹೆಚ್ಚಿನವರು ರೈತರು, ಕೂಲಿಯವರು. ಬಿತ್ತನೆ, ಕೊಯ್ಲಿನ ವಾರ ಬಿಡಿ. ಶ್ರಾವಣ, ಕಾರ್ತಿಕದಲ್ಲಿ ವೀರಗಾಸೆಯವರು ಸಿಗುವುದು ಕಷ್ಟ. ಶಿವರಾತ್ರಿ, ಯುಗಾದಿ, ದೀಪಾವಳಿ ಹತ್ತಿರ ಕಂಸಾಳೆಯವರು ಮಾದಪ್ಪನ ಬೆಟ್ಟದಲ್ಲಿರುತ್ತಾರೆ.

ಶಾಲೆಯ ಕಡೆಯಿಂದ ನೋಡಿದರೆ ಪ್ರತಿಭಾ ಕಾರಂಜಿಯ ತಯಾರಿ ವಾರ, ಪರೀಕ್ಷೆ ಇರುವ ಮಾರ್ಚ್ ಬೇಡ. ಬ್ಯಾಗ್ ಇಲ್ಲದ ಸಂಭ್ರಮ ಶನಿವಾರ ಚೆನ್ನಾಗಿದೆ, ಆದರೆ ಬೆಳಗಿನ ತರಗತಿ ಬೇಗ ಮುಗಿಯುತ್ತದೆ. ಅದನ್ನು ಊರಿನ ಒಬ್ಬ ಹಾಡುಗಾರರಿಗೆ ಇಟ್ಟುಕೊಳ್ಳಿ. ತಂಡಕ್ಕೆ ವಾರದ ನಡುವಿನ ಪೂರ್ತಿ ದಿನ ಬೇಕು.

ಹಂತ 4: ಮನೆಗೆ ಹೋಗಿ ಕರೆಯುವುದು

ಫೋನಿನಲ್ಲಿ ದಿನಾಂಕ ಕೇಳಿ, ಪರವಾಗಿಲ್ಲ. ಆದರೆ ಕರೆಯುವುದು ಮನೆಗೆ ಹೋಗಿಯೇ ಆಗಲಿ. ಎಲೆ ಅಡಿಕೆ, ಮುಂಗಡದ ಹಣ ಇಟ್ಟು ವೀಳ್ಯ ಕೊಡುವುದು ನಮ್ಮ ಕಡೆ ಕಲಾವಿದರನ್ನು ಕರೆಯುವ ಹಳೇ ಕ್ರಮ. ವೀಳ್ಯ ಹಿಡಿದರೆ ಮಾತು ಆಯಿತು ಅಂತ ಅರ್ಥ. ಆಮೇಲೆ ಜಾಸ್ತಿ ದುಡ್ಡಿನ ಕಾರ್ಯಕ್ರಮ ಬಂದರೂ ಅವರು ತಪ್ಪಿಸುವುದಿಲ್ಲ. ಸಾಧ್ಯವಾದರೆ ಇಬ್ಬರು ಮಕ್ಕಳನ್ನೂ ಅವರ ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಮಗುವಿನ ಕೈಯಿಂದ ವೀಳ್ಯ ಪಡೆದ ಒಬ್ಬ ಹಿರಿಯ ತಮಟೆ ಕಲಾವಿದರು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, "ನಾನು ಇಸ್ಕೂಲ್ ಒಳಕ್ಕೆ ಹೋಗಿದ್ದೇ ಕಮ್ಮಿ ಸ್ವಾಮಿ" ಅಂದರು.

ಅಲ್ಲೇ ಕೂತು ಇಷ್ಟು ಮಾತಾಡಿಕೊಳ್ಳಿ. ಎಷ್ಟು ಜನ ಬರುತ್ತಾರೆ, ಅವರಲ್ಲಿ ಹೆಂಗಸರು ಎಷ್ಟು. ಸಾಮಾನು ಎಷ್ಟು, ಬಸ್ಸಲ್ಲಿ ಆಗುತ್ತದಾ ಗಾಡಿ ಬೇಕಾ. ವೇಷ ಕಟ್ಟಲು ಎಷ್ಟು ಹೊತ್ತು. ಊಟದಲ್ಲಿ ಏನು ತಿನ್ನುತ್ತಾರೆ, ಅವತ್ತು ಒಪ್ಪತ್ತು ಇದೆಯಾ. ಸಕ್ಕರೆ ಕಾಯಿಲೆ, ಮಂಡಿ ನೋವು ಇದ್ದವರು ಯಾರಾದರೂ ಇದ್ದಾರಾ. ಮಕ್ಕಳು ವಾದ್ಯ ಮುಟ್ಟಬಹುದಾ. ಕೊನೆಯದನ್ನು ಕೇಳಲೇಬೇಕು. ಕೆಲವರು ದೇವರ ವಾದ್ಯವನ್ನು ಬೇರೆಯವರಿಗೆ ಕೊಡುವುದಿಲ್ಲ, ಚಪ್ಪಲಿ ಹಾಕಿಕೊಂಡು ಮುಟ್ಟಿಸುವುದಿಲ್ಲ. ಅದನ್ನು ಒಪ್ಪಿಕೊಳ್ಳಿ, ಮಕ್ಕಳಿಗೆ ಬೇರೆ ಒಂದು ಹಳೇ ವಾದ್ಯ ತರಲು ಆಗುತ್ತದಾ ಅಂತ ಕೇಳಿ.

ಹಂತ 5: ದುಡ್ಡು

ನೇರವಾಗಿ ಹೇಳುತ್ತೇನೆ. ಶಾಲು, ಹಾರ, ಹಣ್ಣಿನ ಬುಟ್ಟಿಯಿಂದ ಮನೆ ನಡೆಯುವುದಿಲ್ಲ. "ಶಾಲೆ ಮಕ್ಕಳಿಗೆ ಅಲ್ವಾ, ಸೇವೆ ಅಂತ ಮಾಡಿಕೊಡಿ" ಅನ್ನಬೇಡಿ. ಅವರೇ ಬೇಡ ಅಂದರೂ ಕೊಡಿ. ಅವತ್ತು ಕೂಲಿ ಬಿಟ್ಟು ಬಂದಿರುತ್ತಾರೆ.

ಚೀಟಿಯಲ್ಲಿ ಬೇರೆ ಬೇರೆ ಬರೆಯಿರಿ: ಪ್ರತಿಯೊಬ್ಬರ ಸಂಭಾವನೆ, ಹೋಗಿ ಬರುವ ಗಾಡಿ, ತಿಂಡಿ, ವಾದ್ಯಕ್ಕೆ ಬೇಕಾದ ಸಣ್ಣಪುಟ್ಟ ಸಾಮಾನು. ಎಲ್ಲವನ್ನೂ ಒಂದೇ ಮೊತ್ತ ಮಾಡಿ ಯಜಮಾನರ ಕೈಗೆ ಕೊಟ್ಟರೆ ಗಾಡಿ ಬಾಡಿಗೆ ಕಳೆದು ಹಿಮ್ಮೇಳದವರಿಗೆ ಏನೂ ಉಳಿಯದೆ ಹೋಗಬಹುದು. ಗಾಡಿ ಬಾಡಿಗೆಯನ್ನು ಬೆಳಿಗ್ಗೆಯೇ ಕೊಡಿ, ಸಂಭಾವನೆಯನ್ನು ಅವರು ಗೇಟು ದಾಟುವ ಮೊದಲು ಕೊಡಿ. "ಬಿಲ್ ಪಾಸ್ ಆದ ಮೇಲೆ" ಅಂತ ಹೇಳಿ ಕಳಿಸಿ ಮೂರು ತಿಂಗಳು ಓಡಾಡಿಸಿದ ಕಡೆಗಳನ್ನು ನಾನು ನೋಡಿದ್ದೇನೆ. ಅಲ್ಲಿಗೆ ಮತ್ತೆ ಯಾರೂ ಮನಸ್ಸಿಟ್ಟು ಹೋಗುವುದಿಲ್ಲ. 5,000 ರೂಪಾಯಿ ಮೀರಿದ ನಗದು ರಸೀದಿಗೆ ರೆವಿನ್ಯೂ ಸ್ಟಾಂಪ್ ಹಚ್ಚಿ ಸಹಿಯೋ ಹೆಬ್ಬೆಟ್ಟೋ ಹಾಕಿಸಿಕೊಳ್ಳಿ.

ಹಣ ಎಲ್ಲಿಂದ? ಶಾಲಾ ಅನುದಾನ ಸುಣ್ಣ ಬಣ್ಣ, ರಿಪೇರಿ, ಶೌಚಾಲಯಕ್ಕೇ ಸಾಲದು, ಅದನ್ನು ನಂಬಿಕೊಳ್ಳಬೇಡಿ. ಹಾಲಿನ ಡೈರಿ ಸಂಘ, ಹಳೇ ವಿದ್ಯಾರ್ಥಿಗಳು, ಪಂಚಾಯ್ತಿ ಇವರನ್ನು ಕೇಳಿ. ಮಕ್ಕಳ ಹತ್ತಿರ ಮಾತ್ರ ಐದು ರೂಪಾಯಿಯನ್ನೂ ಕೇಳಬೇಡಿ, ಕೊಡಲಾಗದ ಮಗು ಅವತ್ತು ಶಾಲೆಗೇ ಬರುವುದಿಲ್ಲ. ಕ್ಲಸ್ಟರ್‌ನ ಎರಡು ಮೂರು ಶಾಲೆ ಸೇರಿದರೆ ಗಾಡಿ ಖರ್ಚು ಹಂಚಿಹೋಗುತ್ತದೆ. ಒಂದು ದಿನ ನಿಮ್ಮ ಶಾಲೆ, ಮಾರನೇ ದಿನ ಪಕ್ಕದ್ದು, ರಾತ್ರಿ ಉಳಿಯುವ ವ್ಯವಸ್ಥೆ ಊರಿನದು. ಕ್ಲಸ್ಟರ್‌ನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿಯವರಿಗೆ ಹೇಳಿದರೆ ಹೊಂದಿಸಿಕೊಡುತ್ತಾರೆ.

ಹಂತ 6: ಕಾಗದಪತ್ರ

ಇದು ಬೇಗ ಮುಗಿಯುತ್ತದೆ. ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲಿ ದಿನಾಂಕ, ಕಲೆ, ಖರ್ಚು, ಹಣದ ಮೂಲ ಬರೆಸಿ ಸಹಿ ಹಾಕಿಸಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಒಂದು ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ಮನೆಯವರಿಗೆ ಕನ್ನಡದಲ್ಲಿ ಒಂದು ಚೀಟಿ. ಫೋಟೊ, ವಿಡಿಯೊ ಬೇಡ ಅನ್ನುವವರು ಅದರಲ್ಲೇ ತಿಳಿಸಲಿ. ಯಾವ ಅತಿಥಿಯೂ ಮಕ್ಕಳ ಜೊತೆ ಒಬ್ಬರೇ ಇರಬಾರದು, ಶಾಲೆಯ ಒಬ್ಬರು ಸದಾ ಜೊತೆಗಿರಬೇಕು. ಕಲಾವಿದರಿಗೂ ಇದನ್ನು ಹೇಳಿ, ಎಲ್ಲ ಅತಿಥಿಗಳಿಗೂ ಇದೇ ನಿಯಮ ಅಂದರೆ ಯಾರಿಗೂ ನೋವಾಗುವುದಿಲ್ಲ.

ಹಂತ 7: ಮಕ್ಕಳನ್ನು ತಯಾರು ಮಾಡುವುದು

ಮೂರು ದಿನ ಮೊದಲು ಶುರು ಮಾಡಿ, ದಿನಕ್ಕೆ ಹದಿನೈದು ನಿಮಿಷ ಸಾಕು. ಕಲಾವಿದರ ಊರು ಎಲ್ಲಿದೆ ಅಂತ ಜಿಲ್ಲೆಯ ನಕ್ಷೆಯಲ್ಲಿ ಹುಡುಕಿಸಿ. ನಾಲ್ಕಾರು ಪದ ಪರಿಚಯ ಮಾಡಿ. ಯಕ್ಷಗಾನ ಆದರೆ ಭಾಗವತ, ಮದ್ದಳೆ, ಚೆಂಡೆ, ಚೌಕಿ (ವೇಷ ಕಟ್ಟುವ ಜಾಗ). ಬರುವವರನ್ನು ಏನಂತ ಕರೆಯಬೇಕು ಅಂತಲೂ ಹೇಳಿಕೊಡಿ: ಅಜ್ಜ, ಅಜ್ಜಿ, ಮಾವ, ಅತ್ತೆ. ಹೆಸರು ಹಿಡಿದು ಏಕವಚನದಲ್ಲಿ ಕೂಗುವುದು ಬೇಡ, ಅದು ದೊಡ್ಡವರಿಗೂ ಹೇಳಬೇಕಾದ ಮಾತು.

ಜೋಗತಿ ನೃತ್ಯ, ಚೌಡಿಕೆ ಪದದ ಕಲಾವಿದರನ್ನು (ಯಲ್ಲಮ್ಮನ ಭಕ್ತರು, ಎಷ್ಟೋ ಜನ ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರು) ಕರೆಯುವುದಾದರೆ ಮಕ್ಕಳ ಮನಸ್ಸಲ್ಲಿ ಪ್ರಶ್ನೆ ಏಳುತ್ತದೆ. "ಅವರು ಗಂಡಾ ಹೆಣ್ಣಾ ಟೀಚರ್?" ಗದರಿಸಬೇಡಿ. "ಅವರು ತಮ್ಮನ್ನು ಹೆಣ್ಣು ಅಂತಲೇ ಕಂಡುಕೊಂಡಿದ್ದಾರೆ, ಅದಕ್ಕೆ ನಾವು ಅಮ್ಮ ಅಂತ ಕರೆಯುತ್ತೇವೆ" ಅಂದರೆ ಮಕ್ಕಳಿಗೆ ಅಷ್ಟೇ ಸಾಕಾಗುತ್ತದೆ. ಮಂಜಮ್ಮ ಜೋಗತಿಯವರು ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದವರು, 2021ರಲ್ಲಿ ಪದ್ಮಶ್ರೀ ಪಡೆದವರು ಅಂತ ಅವರ ಫೋಟೊ ತೋರಿಸಿ.

ಪ್ರತಿ ಮಗುವೂ ಒಂದು ಪ್ರಶ್ನೆ ಬರೆದಿಟ್ಟುಕೊಳ್ಳಲಿ. "ನಿಮಗೆ ಸಂಬಳ ಎಷ್ಟು" ಅಂತ ಒಬ್ಬ ಬರೆದರೆ ಅಳಿಸಬೇಡಿ. ಆ ಪ್ರಶ್ನೆಗೆ ಕಲಾವಿದರು ಕೊಡುವ ಉತ್ತರ ಎಲ್ಲ ಮಕ್ಕಳ ಕಿವಿಗೂ ಬೀಳಬೇಕು.

ಹಂತ 8: ಜಾಗ

ತೊಗಲುಗೊಂಬೆಯದು ಒಂದು ಉದಾಹರಣೆ ಹೇಳುತ್ತೇನೆ, ಯಾಕೆಂದರೆ ಎಲ್ಲಕ್ಕಿಂತ ಕಷ್ಟದ್ದು ಅದೇ. ಅದು ರಾತ್ರಿಯ ಆಟ, ಕತ್ತಲೆ ಬೇಕು. ಹಗಲಲ್ಲಿ ಮಾಡಬೇಕಾದರೆ ಉದ್ದನೆಯ ಒಂದು ಕೋಣೆ ಆರಿಸಿ. ಕಿಟಕಿಗೆ ಪೇಪರ್ ಅಂಟಿಸಿದರೆ ಬೆಳಕು ಸೋರುತ್ತದೆ, ಕಂಬಳಿ ಕಟ್ಟಿ. ಮನೆಮನೆಯಿಂದ ಒಂದೊಂದು ಕಂಬಳಿ ತರಿಸಿದರೆ ಆಯಿತು. ಗಾಳಿಗೆ ಹಿಂದಿನ ಬಾಗಿಲು ಸ್ವಲ್ಪ ತೆರೆದಿರಲಿ, ಒಂದು ಸಲಕ್ಕೆ 40 ಮಕ್ಕಳಿಗಿಂತ ಜಾಸ್ತಿ ಬೇಡ. ಮೊದಲೆಲ್ಲ ಹರಳೆಣ್ಣೆ ದೀಪದ ಬೆಳಕಲ್ಲಿ ಆಡಿಸುತ್ತಿದ್ದರು, ಈಗ ಬಲ್ಬು. ಕರೆಂಟು ಹೋಗುತ್ತದೆ, ಹೋಗೇ ಹೋಗುತ್ತದೆ. ಲೈನ್‌ಮನ್‌ಗೆ ಹಿಂದಿನ ದಿನ ಒಂದು ಫೋನು ಮಾಡಿ, ಚಾರ್ಜ್ ಆಗುವ ದೊಡ್ಡ ದೀಪ ಒಂದನ್ನು ಇಟ್ಟುಕೊಳ್ಳಿ.

ರಾತ್ರಿಯಿಡೀ ನಡೆಯುವ ಕಥೆಯನ್ನು ಪೂರ್ತಿ ಕೇಳಬೇಡಿ. ಒಂದು ಸಂದರ್ಭ, ಮೂವತ್ತು ನಿಮಿಷ. ಅರ್ಧ ಹೊತ್ತು ಮಕ್ಕಳು ಪರದೆಯ ಮುಂದೆ ಕೂರಲಿ, ಇನ್ನರ್ಧ ಹೊತ್ತು ಹತ್ತತ್ತು ಜನರಂತೆ ಪರದೆಯ ಹಿಂದೆ ಬರಲಿ. ಮುಂದೆ ಕೂತಾಗ ಹನುಮಂತ ಹಾರುತ್ತಿದ್ದ. ಹಿಂದೆ ಬಂದರೆ ಒಬ್ಬ ಅಜ್ಜಿ ಒಂದು ಕೈಯಲ್ಲಿ ಗೊಂಬೆ ಆಡಿಸುತ್ತ, ಬಾಯಲ್ಲಿ ಹಾಡುತ್ತ, ಕಾಲಲ್ಲಿ ಗೆಜ್ಜೆ ಕುಟ್ಟುತ್ತ ಇದ್ದಾರೆ. ನಮ್ಮ ಐದನೇ ತರಗತಿಯ ಒಬ್ಬಳು ಅಲ್ಲೇ ನಿಂತು ಆ ಅಜ್ಜಿಯ ಕಾಲನ್ನೇ ನೋಡುತ್ತಿದ್ದಳು, ಕಥೆ ಮುಗಿದದ್ದೂ ಅವಳಿಗೆ ಗೊತ್ತಾಗಲಿಲ್ಲ. ಆಟ ಮುಗಿದ ಮೇಲೆ ಒಂದು ಗೊಂಬೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಲು ಹೇಳಿ. ಮೇಕೆ ಚರ್ಮವನ್ನು ಹದ ಮಾಡಿ, ಬೆಳಕು ಹಾಯುವಷ್ಟು ತೆಳು ಮಾಡಿ, ಉಳಿಯಲ್ಲಿ ಸಣ್ಣ ಸಣ್ಣ ತೂತು ಕೊರೆದು, ಬಣ್ಣ ಹಾಕಿರುತ್ತಾರೆ. ರಾಜನ ಗೊಂಬೆ ದೊಡ್ಡದು, ಸೇವಕನದು ಚಿಕ್ಕದು, ಯಾಕೆ ಅಂತ ಮಕ್ಕಳೇ ಕೇಳುತ್ತಾರೆ. ತೊಗಲುಗೊಂಬೆ ಆಡಿಸುವ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ಆಗ ಅವರ ವಯಸ್ಸು 96, ಅಂತ ಆ ಹೊತ್ತಿಗೆ ಹೇಳಿ. ಆಗ ಮಕ್ಕಳು ಎದುರಿಗಿರುವ ಅಜ್ಜಿಯನ್ನು ನೋಡುವ ರೀತಿಯೇ ಬೇರೆ ಆಗುತ್ತದೆ.

ಉಳಿದ ಕಲೆಗಳಿಗೆ ಜಾಗ ಸುಲಭ. ಡೊಳ್ಳಿಗೆ ಬಯಲು, ಕಲ್ಲು ಗಾಜು ಆರಿಸಿದ ನೆಲ, ಬೆಳಗಿನ ಬಿಸಿಲು ಮಕ್ಕಳ ಬೆನ್ನಿಗೆ ಬರುವಂತೆ ಕೂರಿಸುವುದು. ತಮಟೆಯ ಚರ್ಮವನ್ನು ಬೆಂಕಿಗೆ ಕಾಯಿಸಿ ಹದ ಮಾಡಬೇಕು, ಇಲ್ಲದಿದ್ದರೆ ನಾದ ಏಳುವುದಿಲ್ಲ. ಒಣಹುಲ್ಲು, ಬೆಂಕಿಪೊಟ್ಟಣ, ಎರಡು ಕೊಡ ನೀರು ಒಂದು ಮೂಲೆಯಲ್ಲಿ ಇಡಿ. ಕಾಯಿಸುವುದನ್ನು ಮಕ್ಕಳು ನೋಡಲೇಬೇಕು. ಕಾಯಿಸುವ ಮೊದಲೊಂದು ಏಟು, ಆಮೇಲೊಂದು ಏಟು ಹಾಕಿಸಿ, ಏನು ಬದಲಾಯಿತು ಕೇಳಿ. ಪುಸ್ತಕದ ವಿಜ್ಞಾನ ಪಾಠ ಇಲ್ಲಿ ಕಿವಿಗೆ ಕೇಳಿಸುತ್ತದೆ.

ವೇಷ ಕಟ್ಟುವವರಿಗೆ ಚಿಲಕ ಇರುವ ಕೋಣೆ, ದೊಡ್ಡ ಕನ್ನಡಿ, ನೀರು, ಫ್ಯಾನು. ಹೆಂಗಸರಿಗೆ ಬೇರೆ ಕೋಣೆ. ಮಕ್ಕಳ ಶೌಚಾಲಯ ದೊಡ್ಡವರಿಗೆ ಆಗುವುದಿಲ್ಲ, ಸಿಬ್ಬಂದಿಯದನ್ನು ತೊಳೆಸಿ ಕೀಲಿ ಅವರ ಕೈಗೇ ಕೊಡಿ.

ಹಂತ 9: ಆ ದಿನ

120 ಮಕ್ಕಳಿರುವ ಶಾಲೆಯಲ್ಲಿ ನಾವು ಹೀಗೆ ಮಾಡುತ್ತೇವೆ. ಒಂಬತ್ತೂವರೆಗೆ ಕಲಾವಿದರು ಬರುತ್ತಾರೆ, ತಿಂಡಿ ಕಾಫಿ ಆಗುತ್ತದೆ. ಪ್ರಾರ್ಥನೆ ಹೊತ್ತಿಗೆ ಒಬ್ಬ ಮಗು ಎರಡು ಮಾತಲ್ಲಿ ಅವರನ್ನು ಪರಿಚಯ ಮಾಡುತ್ತದೆ. ಹತ್ತೂಕಾಲಿಗೆ ಎಲ್ಲರ ಮುಂದೆ ಅರ್ಧ ಗಂಟೆ ಕಲೆ, ಮೈಕ್ ಇಲ್ಲದೆ. ನಂತರ 30 ಮಕ್ಕಳ ನಾಲ್ಕು ಗುಂಪು ಮಾಡಿ, ಒಂದೊಂದು ಗುಂಪಿಗೆ 35 ನಿಮಿಷ ಕೈಗೆ ಕೊಟ್ಟು ಕಲಿಸುವುದು. ನಡುವೆ ಕಲಾವಿದರಿಗೆ ಹತ್ತು ನಿಮಿಷ ಬಿಡುವು ಕಡ್ಡಾಯ. ಊಟಕ್ಕೆ ಮೊದಲು ಎರಡು ಗುಂಪು, ಊಟ ಆದ ಮೇಲೆ ಎರಡು ಗುಂಪು. ಮೂರೂವರೆಗೆ ಊರವರು ಬರುತ್ತಾರೆ, ಮಕ್ಕಳು ತೋರಿಸುತ್ತಾರೆ.

ಯಕ್ಷಗಾನ ಆದರೆ ಆಟಕ್ಕಿಂತ ಚೌಕಿಗೇ ಹೆಚ್ಚು ಹೊತ್ತು ಕೊಡಿ. ಮುಖವರ್ಣಿಕೆ ಬರೆಯುವುದನ್ನು, ಕಿರೀಟ ಕಟ್ಟುವುದನ್ನು ಎಂಟು ಹತ್ತು ಮಕ್ಕಳು ಚಪ್ಪಲಿ ಬಿಟ್ಟು, ಮಾತಾಡದೆ ಕೂತು ನೋಡಲಿ. ಮೊದಲು ಅಪ್ಪಣೆ ಕೇಳಿ.

ಶಿಕ್ಷಕರಿಗೆ ಒಂದು ಮಾತು. ಇದು ನಮಗೆ ಬಿಡುವಿನ ದಿನ ಅಲ್ಲ. ಮಕ್ಕಳ ಜೊತೆ ನಾವೂ ಕೋಲು ಹಿಡಿಯಬೇಕು, ತಾಳ ತಪ್ಪಬೇಕು, ಮತ್ತೆ ಕೇಳಿ ಕಲಿಯಬೇಕು. ಸ್ಟಾಫ್ ರೂಮಿನಲ್ಲಿ ಕೂತು ದಾಖಲೆ ಬರೆಯುತ್ತಿದ್ದರೆ ಮಕ್ಕಳಿಗೆ ಗೊತ್ತಾಗಿಬಿಡುತ್ತದೆ.

ಹಂತ 10: ಊಟ ಒಂದೇ ಪಂಕ್ತಿಯಲ್ಲಿ

ಬಿಸಿಯೂಟವನ್ನೇ ಬಡಿಸಿ, ಒಂದು ಸಿಹಿ ಜಾಸ್ತಿ ಮಾಡಿ. ಕಲಾವಿದರು ಮಕ್ಕಳ ಸಾಲಿನಲ್ಲೇ, ಅದೇ ತಟ್ಟೆಯಲ್ಲಿ ಊಟ ಮಾಡಲಿ. ಇದನ್ನು ಬೇರೆಯಾಗಿ ಬರೆಯುತ್ತಿರುವುದಕ್ಕೆ ಕಾರಣ ಇದೆ. ತಮಟೆ ಬಾರಿಸುವವರನ್ನು, ಗೊಂಬೆಯಾಟದವರನ್ನು ಹೊರಗೆ ಜಗುಲಿಯಲ್ಲಿ ಕೂರಿಸಿ ಕಾಗದದ ತಟ್ಟೆಯಲ್ಲಿ ಬಡಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೆಳಗಿನಿಂದ ಕಲಿಸಿದ್ದೆಲ್ಲ ಅಲ್ಲಿಗೆ ನೀರುಪಾಲು. ಮಕ್ಕಳು ನಾವು ಹೇಳಿದ್ದನ್ನು ಮರೆತಾರು, ಅದನ್ನು ಮರೆಯುವುದಿಲ್ಲ. ಹಿಂದಿನ ದಿನವೇ ಅಡುಗೆಯವರು, ಎಸ್‌ಡಿಎಂಸಿಯವರ ಜೊತೆ ಕೂತು ಸ್ಪಷ್ಟವಾಗಿ ಮಾತಾಡಿ. ಯಾರಾದರೂ ಗೊಣಗಿದರೆ ಮುಖ್ಯ ಶಿಕ್ಷಕರು ತಾವೇ ಕಲಾವಿದರ ಪಕ್ಕ ಕೂತು ಊಟ ಮಾಡಲಿ.

ಹಾಗೇ, ತಮಟೆ ಕಲಿಸುವಾಗ "ನೀವು ಬಾರಿಸಿ, ನಿಮಗೆ ಬರುತ್ತೆ" ಅಂತ ಆ ಕೇರಿಯ ಮಕ್ಕಳನ್ನೇ ಮುಂದೆ ಕರೆಯಬೇಡಿ. ಹಾಜರಾತಿ ಪುಸ್ತಕದ ಕ್ರಮದಲ್ಲಿ ಎಲ್ಲ ಮಕ್ಕಳಿಗೂ ಕೊಡಿ. ಆಮೇಲೆ ಆ ಕಲಾವಿದರ ಮೊಮ್ಮಗನೋ ಮಗಳೋ ನಿಮ್ಮ ತರಗತಿಯಲ್ಲೇ ಇದ್ದು, ತಾನಾಗಿ ಎದ್ದು ಬಂದು "ನಮ್ಮ ತಾತ" ಅಂದರೆ ಆ ಹೊತ್ತನ್ನು ಆ ಮಗುವಿಗೆ ಬಿಟ್ಟುಕೊಡಿ.

ಹಂತ 11: ಆಮೇಲಿನ ವಾರ

ಗಾಡಿ ಹೋದ ಮೇಲೆ ಪಾಠ ಮುಗಿಯಬಾರದು. ಗೊಂಬೆಯಾಟ ಬಂದಿದ್ದರೆ ಮಕ್ಕಳ ಕೈಯಲ್ಲೇ ಗೊಂಬೆ ಮಾಡಿಸಿ. ಬಿಳಿ ಡ್ರಾಯಿಂಗ್ ಹಾಳೆಯಲ್ಲಿ ಚಿತ್ರ ಬರೆದು, ಬಣ್ಣ ಹಾಕಿ, ಕತ್ತರಿಸಿ, ಎರಡೂ ಕಡೆ ತೆಳ್ಳಗೆ ಕೊಬ್ಬರಿ ಎಣ್ಣೆ ಒರೆಸಿ ಒಂದು ರಾತ್ರಿ ಬಿಡಿ. ಹಾಳೆ ಬೆಳಕು ಹಾಯುವಂತೆ ಆಗುತ್ತದೆ. ನೀರಿನ ಬಣ್ಣ ಅಷ್ಟು ಹೊಂದುವುದಿಲ್ಲ, ಸ್ಕೆಚ್ ಪೆನ್ ಒಳ್ಳೆಯದು. ಕೈ ಕಾಲಿನ ಸಂದಿಗೆ ದಾರದ ಗಂಟು, ಹಿಡಿಯಲು ತೆಂಗಿನ ಗರಿಯ ಕಡ್ಡಿ, ಪರದೆಗೆ ಹಳೇ ಬಿಳಿ ಪಂಚೆ, ಹಿಂದೆ ಒಂದು ಟಾರ್ಚು. ನಮ್ಮ ಮಕ್ಕಳು ಇದರಲ್ಲಿ ಊರಿನ ಕೆರೆ ಒಣಗಿದ ಕಥೆ ಮಾಡಿದರು.

ಡೊಳ್ಳು, ತಮಟೆಗೆ ಬೆಂಚಿನ ಮೇಲೆ ಕೈತಾಳ ಸಾಕು. ಮೂರರ ಲಯ, ನಾಲ್ಕರ ಲಯ ಬೇರೆ ಬೇರೆ ಗುಂಪಿಗೆ ಕೊಟ್ಟು ಒಟ್ಟಿಗೆ ಶುರು ಮಾಡಿಸಿ. ಎರಡೂ ಗುಂಪಿನ ಮೊದಲ ಏಟು ಹನ್ನೆರಡು ಎಣಿಕೆ ಕಳೆದ ಮೇಲೆ ಮತ್ತೆ ಕೂಡುತ್ತದೆ. ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ) ಅಂದರೆ ಏನು ಅಂತ ಅದಕ್ಕಿಂತ ಚೆನ್ನಾಗಿ ನಾನು ಯಾವತ್ತೂ ಹೇಳಿಕೊಟ್ಟಿಲ್ಲ.

ಮಕ್ಕಳು ಪತ್ರ ಬರೆಯಲಿ, ಚಿತ್ರ ಬರೆಯಲಿ. ಕಲಾವಿದರಿಗೆ ಓದಲು ಬರುವುದಿಲ್ಲ ಅಂದರೆ ಫೋನಿನಲ್ಲಿ ಓದಿ ಹೇಳಿ, ಚಿತ್ರಗಳನ್ನು ಅಂಚೆಯಲ್ಲಿ ಕಳಿಸಿ.

ಹಂತ 12: ಒಂದು ಪ್ರಮಾಣಪತ್ರ

ಇದನ್ನು ನಾವು ತಡವಾಗಿ ಕಲಿತೆವು. ಕಲಾವಿದರು ಮಾಸಾಶನಕ್ಕೆ, ಪ್ರಶಸ್ತಿಗೆ ಅರ್ಜಿ ಹಾಕುವಾಗ ಎಲ್ಲೆಲ್ಲಿ, ಯಾವಾಗ ಕಾರ್ಯಕ್ರಮ ಕೊಟ್ಟಿದ್ದೇವೆ ಅಂತ ದಾಖಲೆ ತೋರಿಸಬೇಕಾಗುತ್ತದೆ. ನಲವತ್ತು ವರ್ಷ ಬಾರಿಸಿದವರ ಮನೆಯಲ್ಲಿ ಒಂದು ಚೂರು ಕಾಗದ ಇರುವುದಿಲ್ಲ. ಶಾಲೆಯ ಲೆಟರ್‌ಹೆಡ್‌ನಲ್ಲಿ ಪ್ರತಿಯೊಬ್ಬ ಕಲಾವಿದರಿಗೂ ಬೇರೆ ಬೇರೆಯಾಗಿ ಬರೆದುಕೊಡಿ, ಹಿಮ್ಮೇಳದವರಿಗೂ. ಆಧಾರ್‌ನಲ್ಲಿ ಇರುವ ಹಾಗೇ ಹೆಸರು, ತಂದೆ ಅಥವಾ ಗಂಡನ ಹೆಸರು, ಊರು, ಕಲೆಯ ಹೆಸರು, ದಿನಾಂಕ, ಕಲಿತ ಮಕ್ಕಳ ಸಂಖ್ಯೆ, ಮುಖ್ಯ ಶಿಕ್ಷಕರ ಸಹಿ, ಸೀಲು. ಜೊತೆಗೆ ಅವರು ಮಕ್ಕಳಿಗೆ ಕಲಿಸುತ್ತಿರುವ ಒಂದು ಫೋಟೊ, ಹಿಂದೆ ದಿನಾಂಕ ಬರೆದದ್ದು. ಫೋಟೊ ಬೇಡ ಅಂದ ಮನೆಯ ಮಕ್ಕಳು ಅದರಲ್ಲಿ ಇಲ್ಲದಂತೆ ನೋಡಿಕೊಳ್ಳಿ. ಎಲ್ಲವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಡಿ, ಮನೆ ಸೋರಿದರೂ ಹಾಳಾಗಬಾರದು. ಒಂದು ಪ್ರತಿ ಶಾಲೆಯ ಫೈಲಿನಲ್ಲಿ ಇಟ್ಟುಕೊಳ್ಳಿ. ಐದು ವರ್ಷದ ನಂತರ ಅವರ ಮಗ ಬಂದು "ಅಪ್ಪನ ಕಾಗದ ಕಳೆದುಹೋಯ್ತು ಸಾರ್" ಅಂತ ಬಾಗಿಲಲ್ಲಿ ನಿಂತರೆ ತೆಗೆದುಕೊಡಲು ಅದು ಬೇಕಾಗುತ್ತದೆ.